ಅಂಡಮಾನ್ ಪ್ರವಾಸ: ಆಸ್ಪತ್ರೆ ಕಡಲಿನಾಚೆ ಇದೆ ಎಂದುಕೊಂಡೇ ಹೊರಡಿ

ಬೆಂಗಳೂರಿನಲ್ಲಿ ವಿಮಾನ ಹತ್ತಿದರೆ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಪೋರ್ಟ್ ಬ್ಲೇರ್. ಎಲ್‌ಟಿಸಿ (ರಜೆಯ ಪ್ರವಾಸಕ್ಕೆ ಸಿಗುವ ರಿಯಾಯಿತಿ) ಸಿಕ್ಕ ಕೇಂದ್ರ ಸರ್ಕಾರಿ ನೌಕರರು, ಹೊಸದಾಗಿ ಮದುವೆಯಾದವರು, ದಸರಾ ಅಥವಾ ಕ್ರಿಸ್‌ಮಸ್ ರಜೆಗೆ ಅಜ್ಜ-ಅಜ್ಜಿ, ಮೊಮ್ಮಕ್ಕಳನ್ನೆಲ್ಲ ಕಟ್ಟಿಕೊಂಡು ಹೊರಡುವ ಕುಟುಂಬಗಳು, ಹೀಗೆ ನಮ್ಮ ಕಡೆಯಿಂದ ಅಂಡಮಾನ್‌ಗೆ ಹೋಗುವವರು ಬಹಳ. ಅಷ್ಟು ಬೇಗ ತಲುಪಿಬಿಡುವುದರಿಂದಲೇ ಒಂದು ವಿಷಯ ಲಕ್ಷ್ಯಕ್ಕೆ ಬರುವುದಿಲ್ಲ. ಹ್ಯಾವ್ಲಾಕ್ ದ್ವೀಪದಲ್ಲೋ ನೀಲ್ ದ್ವೀಪದಲ್ಲೋ ರಾತ್ರಿ ಎಂಟಕ್ಕೆ ಯಾರಿಗಾದರೂ ಎದೆನೋವು ಬಂದರೆ ಅಲ್ಲಿರುವುದು ಸಣ್ಣ ಸರ್ಕಾರಿ ಆರೋಗ್ಯ ಕೇಂದ್ರ ಮಾತ್ರ. ತಜ್ಞರಿರುವ ಜಿ.ಬಿ. ಪಂತ್ ಆಸ್ಪತ್ರೆ ಪೋರ್ಟ್ ಬ್ಲೇರ್‌ನಲ್ಲಿದೆ. ನಡುವೆ ಬೋಟಿನಲ್ಲಿ ಒಂದೂವರೆಯಿಂದ ಎರಡೂವರೆ ಗಂಟೆಯ ಸಮುದ್ರ. ಪ್ರಯಾಣಿಕರ ಕೊನೆಯ ಬೋಟ್ ಆ ಹೊತ್ತಿಗೆ ಎಂದೋ ಹೊರಟುಹೋಗಿರುತ್ತದೆ.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ಅಷ್ಟು ಚೆಂದದ ಕಡಲು ನಮ್ಮ ದೇಶದಲ್ಲಿ ಬೇರೆಲ್ಲೂ ಇಲ್ಲ ಎಂದು ನಂಬಿದವರಲ್ಲಿ ನಾನೂ ಒಬ್ಬ. ಊರಿನಲ್ಲಿ 'ನಾಳೆ ನೋಡೋಣ' ಎಂದು ಬಿಡುವ ಸಣ್ಣ ತೊಂದರೆಯನ್ನು ಅಲ್ಲಿ ಬೆಳಿಗ್ಗೆಯೇ ನೋಡಿಕೊಳ್ಳಬೇಕು, ಅಷ್ಟೆ. ಕೆಳಗಿನ ಹಂತಗಳೆಲ್ಲ ಇದರ ಸುತ್ತಲೇ ಇವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸರ್ಕಾರಿ ದಾಖಲೆಗಳಲ್ಲಿ ಹ್ಯಾವ್ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಟಿಕೆಟ್‌ಗಳಲ್ಲಿ ಎರಡೂ ಬಗೆಯ ಹೆಸರು ಕಾಣಬಹುದು, ಗಾಬರಿಯಾಗಬೇಡಿ. ಇಲ್ಲಿ ಬಳಕೆಯಲ್ಲಿರುವ ಹಳೆಯ ಹೆಸರುಗಳನ್ನೇ ಬಳಸಿದ್ದೇನೆ.

ಮೊದಲು ತಿಂಗಳು ನೋಡಿ, ಆಮೇಲೆ ಟಿಕೆಟ್

ನೈಋತ್ಯ ಮುಂಗಾರು ಕೇರಳಕ್ಕಿಂತ ಮೊದಲು ಅಂಡಮಾನ್ ಮುಟ್ಟುತ್ತದೆ. ಮೇ ಮಧ್ಯದಿಂದಲೇ ಅಲ್ಲಿ ಮಳೆ. ಅಕ್ಟೋಬರ್, ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಕಾಲ. ಅಂದರೆ ನಮ್ಮ ದಸರಾ ರಜೆಯೂ ಬೇಸಿಗೆ ರಜೆಯ ಕೊನೆಯ ವಾರಗಳೂ ಅಲ್ಲಿನ ಕೆಟ್ಟ ಹವಾಮಾನದೊಳಗೇ ಬೀಳುತ್ತವೆ. ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಕಡಲು ಹೆಚ್ಚು ಶಾಂತ, ನೀರೊಳಗೆ ಚೆನ್ನಾಗಿ ಕಾಣುತ್ತದೆ, ಬೋಟುಗಳು ರದ್ದಾಗುವುದು ಕಡಿಮೆ. ವಯಸ್ಸಾದವರನ್ನು, ಚಿಕ್ಕ ಮಕ್ಕಳನ್ನು ಕರೆದೊಯ್ಯುವುದಿದ್ದರೆ ಜನವರಿಯಿಂದ ಮಾರ್ಚ್‌ವರೆಗಿನ ಕಾಲವನ್ನೇ ಆರಿಸಿಕೊಳ್ಳಿ. ಬೇರೆ ದಾರಿಯಿಲ್ಲದೆ ದಸರಾಕ್ಕೇ ಹೋಗುವವರು ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಹೊರಡುವ ವಾರದಿಂದ ದಿನವೂ ನೋಡುತ್ತಿರಬೇಕು.

ದಿನಗಳನ್ನು ಜೋಡಿಸುವಾಗ ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿರಲಿ

ಪ್ಯಾಕೇಜ್ ಮಾಡಿಕೊಡುವವರು ದಿನ ಉಳಿಸಲೆಂದು ಬೆಳಿಗ್ಗೆ ಹ್ಯಾವ್ಲಾಕ್‌ನಿಂದ ಬೋಟ್, ಮಧ್ಯಾಹ್ನ ಪೋರ್ಟ್ ಬ್ಲೇರ್‌ನಿಂದ ವಿಮಾನ ಎಂದು ಹೊಂದಿಸಿರುತ್ತಾರೆ. ಒಪ್ಪಬೇಡಿ. ಗಾಳಿ ಜೋರಾದರೆ ಬೋಟ್ ರದ್ದು, ಬೋಟ್ ರದ್ದಾದರೆ ವಿಮಾನವೂ ಹೋಯಿತು. ಇದು ದುಡ್ಡಿನ ಮಾತು. ಆರೋಗ್ಯದ ಮಾತು ಇನ್ನೊಂದಿದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕಿಳಿಯುವ ಸ್ಕೂಬಾ ಡೈವಿಂಗ್ ಮಾಡಿದಾಗ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಅಂಗಾಂಶಗಳಲ್ಲಿ ಕರಗಿ ಉಳಿದಿರುತ್ತದೆ. ಅದು ನಿಧಾನವಾಗಿ ಹೊರಹೋಗುವ ಮೊದಲೇ ವಿಮಾನ ಹತ್ತಿದರೆ, ಕ್ಯಾಬಿನ್ನಿನ ಕಡಿಮೆ ಒತ್ತಡಕ್ಕೆ ಅದು ಗುಳ್ಳೆಗಳಾಗಿ ಕೀಲುನೋವಿನಿಂದ ಹಿಡಿದು ಲಕ್ವದವರೆಗೆ ಏನನ್ನಾದರೂ ತರಬಹುದು. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಡಬೇಕೆಂಬುದು ನಿಯಮ. ಪೂರ್ತಿ 24 ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ಆದ್ದರಿಂದ ಡೈವಿಂಗ್ ಮೊದಲ ದಿನಗಳಲ್ಲಿ ಮುಗಿಯಲಿ. ಪೋರ್ಟ್ ಬ್ಲೇರ್‌ನ ಸೆಲ್ಯುಲಾರ್ ಜೈಲು, ಅಲ್ಲೇ ಹತ್ತಿರದ ರಾಸ್ ದ್ವೀಪ ಕೊನೆಗಿರಲಿ.

ಪ್ರವಾಸದ ವಿಮೆ ಮಾಡಿಸುತ್ತೀರಾದರೆ ಅದು ಸ್ಕೂಬಾವನ್ನೂ ರೋಗಿಯನ್ನು ದ್ವೀಪದಿಂದ ಸಾಗಿಸುವ ಖರ್ಚನ್ನೂ ಒಳಗೊಂಡಿದೆಯೇ ಎಂದು ಓದಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಗಳನ್ನು ಸಣ್ಣ ಅಕ್ಷರದಲ್ಲಿ ಹೊರಗಿಟ್ಟಿರುತ್ತಾರೆ.

ಔಷಧದ ಚೀಲ ಕೈಚೀಲದಲ್ಲೇ

ಬಿಪಿ, ಶುಗರ್, ಥೈರಾಯ್ಡ್, ಅಸ್ತಮಾ ಇರುವವರು ಪ್ರವಾಸದ ದಿನಗಳಿಗೆ ಬೇಕಾದಷ್ಟರ ಮೇಲೆ ಇನ್ನೂ ನಾಲ್ಕೈದು ದಿನಕ್ಕೆ ಆಗುವಷ್ಟು ಮಾತ್ರೆ ಇಟ್ಟುಕೊಳ್ಳಬೇಕು. ಬೋಟ್ ನಿಂತರೆ ದಿನ ಮುಂದಕ್ಕೆ ಹೋಗುತ್ತದೆ, ಸಣ್ಣ ದ್ವೀಪದ ಮೆಡಿಕಲ್ ಶಾಪಿನಲ್ಲಿ ನಿಮ್ಮ ಮಾತ್ರೆಯೇ ಸಿಗುತ್ತದೆ ಎನ್ನುವಂತಿಲ್ಲ. ವೈದ್ಯರ ಚೀಟಿಯ ಫೋಟೋ ಫೋನಿನಲ್ಲಿರಲಿ, ಒಂದು ಪ್ರತಿ ಕಾಗದದಲ್ಲೂ ಇರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ವಿಮಾನದ ಲಗೇಜಿಗೆ ಹಾಕಬಾರದು, ಅಲ್ಲಿ ಹೆಪ್ಪುಗಟ್ಟಿ ಕೆಡಬಹುದು. ಇನ್ಸುಲಿನ್‌ಗೆಂದೇ ಸಿಗುವ ತಂಪು ಚೀಲದಲ್ಲಿಟ್ಟು ಕೈಯಲ್ಲೇ ಒಯ್ಯಿರಿ. ಕೋಣೆಯಲ್ಲಿ ಫ್ರಿಜ್ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಿ.

ಉಳಿದಂತೆ ಓಆರ್‌ಎಸ್ ಪೊಟ್ಟಣಗಳು, ಪ್ಯಾರಾಸಿಟಮಾಲ್, ಅಲರ್ಜಿಯ ಮಾತ್ರೆ, ಬೆಟಾಡಿನ್, ಬ್ಯಾಂಡೇಜು, ಚಿಮುಟ, ಥರ್ಮಾಮೀಟರ್, ಸೊಳ್ಳೆ ಓಡಿಸುವ ಕ್ರೀಮು. ಐಬುಪ್ರೊಫೆನ್, ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳನ್ನು ಜ್ವರಕ್ಕೆಂದು ಅಲ್ಲಿ ನುಂಗಬೇಡಿ. ಆ ಜ್ವರ ಡೆಂಗಿಯಾಗಿದ್ದರೆ ಇವುಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ.

ಬೋಟಿನಲ್ಲಿ ವಾಂತಿಯಾಗದಂತೆ

ಅವೊಮಿನ್‌ನಂಥ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ತಿಂದರೆ ಹೆಚ್ಚು ಪ್ರಯೋಜನವಿಲ್ಲ. ಹೊರಡುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ನಿದ್ದೆ ಬರಿಸುತ್ತದೆ, ಹಾಗಾಗಿ ಅದನ್ನು ತಿಂದ ದಿನ ಸ್ಕೂಟರ್ ಬೇಡ, ಮದ್ಯ ಬೇಡ, ನೀರೊಳಗೆ ಈಜುವುದೂ ಬೇಡ. ಮಕ್ಕಳಿಗೆ, ಗರ್ಭಿಣಿಯರಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಹೊಟ್ಟೆ ಖಾಲಿಯಿರಬಾರದು, ಬಿರಿಯುವಷ್ಟೂ ತಿಂದಿರಬಾರದು. ಎರಡು ಇಡ್ಲಿ ಸಾಕು. ಬೋಟಿನ ನಡುಭಾಗದ ಕೆಳಗಿನ ಸೀಟು ಕಡಿಮೆ ಅಲುಗಾಡುತ್ತದೆ. ಫೋನ್ ನೋಡದೆ ದೂರದ ದಿಗಂತ ನೋಡಿ.

ಬಿಸಿಲು ಒಂದು ಗಂಟೆ ಮುಂಚೆ ಬರುತ್ತದೆ

ಅಂಡಮಾನ್ ನಮ್ಮಿಂದ ಬಹಳ ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ನಮ್ಮದೇ. ಬೆಂಗಳೂರಿನಲ್ಲಿ ಹನ್ನೆರಡೂಕಾಲರ ಆಚೀಚೆ ನೆತ್ತಿಗೆ ಬರುವ ಸೂರ್ಯ ಅಲ್ಲಿ ಹನ್ನೊಂದೂಕಾಲರ ಸುಮಾರಿಗೇ ನೆತ್ತಿಯ ಮೇಲಿರುತ್ತಾನೆ. ಬೆಳಿಗ್ಗೆ ಒಂಬತ್ತಕ್ಕೆ ತಿಂಡಿ ಮುಗಿಸಿ ಹತ್ತಕ್ಕೆ ಬೀಚಿಗೆ ಇಳಿಯುವ ನಮ್ಮ ರೂಢಿ ಅಲ್ಲಿ ಸರಿಹೊಂದುವುದಿಲ್ಲ, ಆ ಹೊತ್ತಿಗೆ ಬಿಸಿಲು ಸುಡುತ್ತಿರುತ್ತದೆ. ಆರಕ್ಕೆ ಎದ್ದು ಒಂಬತ್ತರೊಳಗೆ ನೀರಾಟ ಮುಗಿಸಿ, ಮಧ್ಯಾಹ್ನ ನೆರಳಲ್ಲಿರಿ, ಎರಡೂವರೆಯ ಮೇಲೆ ಮತ್ತೆ ಹೊರಡಿ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೇ ಸೂರ್ಯ ಮುಳುಗಿ ಕತ್ತಲಾಗುತ್ತದೆ ಎನ್ನುವುದೂ ನೆನಪಿರಲಿ.

ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದಾಗಲೆಲ್ಲ ಮತ್ತೆ ಹಚ್ಚಬೇಕು. ಕಪ್ಪು ಮೈಬಣ್ಣದವರಿಗೆ ಬಿಸಿಲು ತಾಗದು ಎಂಬುದು ತಪ್ಪು. ಸ್ನಾರ್ಕೆಲಿಂಗ್ (ಕೊಳವೆಯಲ್ಲಿ ಉಸಿರಾಡುತ್ತ ತೇಲಿಕೊಂಡು ನೀರೊಳಗೆ ನೋಡುವುದು) ಮಾಡುವಾಗ ಮುಖ ನೀರೊಳಗಿದ್ದರೂ ಬೆನ್ನು, ಕುತ್ತಿಗೆ, ಮೊಣಕಾಲಿನ ಹಿಂಭಾಗ ಬಿಸಿಲಿಗೆ ಒಡ್ಡಿಕೊಂಡಿರುತ್ತವೆ. ತಂಪಾದ ನೀರಿನಲ್ಲಿ ಸುಡುವುದು ಗೊತ್ತಾಗುವುದೇ ಇಲ್ಲ. ಹಾಗಾಗಿ ಕ್ರೀಮಿಗಿಂತ ಉದ್ದ ತೋಳಿನ ಈಜಿನ ಅಂಗಿಯೇ ಮೇಲು, ಕ್ರೀಮಿನ ರಾಸಾಯನಿಕ ನೀರಿಗೆ ಸೇರದ ಕಾರಣ ಅದು ಹವಳಕ್ಕೂ ಒಳ್ಳೆಯದು.

ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಬಾಯಾರುವ ಮೊದಲೇ ನೀರು, ಎಳನೀರು, ಮಜ್ಜಿಗೆ ಕುಡಿಯುತ್ತಿರಿ. ತಲೆಸುತ್ತು, ವಾಕರಿಕೆ ಬಂದರೆ ನೆರಳಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ ಗಾಳಿ ಹಾಕಿ. ಮಾತು ತೊದಲಿದರೆ, ಗೊಂದಲದಿಂದ ಏನೇನೋ ಹೇಳತೊಡಗಿದರೆ ಅದು ಬಿಸಿಲಿನ ಹೊಡೆತ. ಮೈಮೇಲೆ ನೀರು ಸುರಿಯುತ್ತಲೇ ವಾಹನ ಕರೆಸಿ.

ನೀರಿಗೆ ಇಳಿಯುವ ಮೊದಲು, ಇಳಿದ ಮೇಲೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ದ್ವೀಪದಲ್ಲಿ ತಿದ್ದಿಕೊಳ್ಳಲು ಅವಕಾಶ ಕೊಡದ ತಪ್ಪುಗಳು ಆಗುವುದು ನೀರಿನಲ್ಲಿ.

ಮೊದಲನೆಯದು ಸೆಳೆತ. ದಡಕ್ಕೆ ಬಡಿದ ನೀರು ಎಲ್ಲೋ ಒಂದು ಕಡೆ ಕಿರಿದಾದ ದಾರಿ ಮಾಡಿಕೊಂಡು ಹಿಂದಕ್ಕೆ ಓಡುತ್ತದೆ. ಅಕ್ಕಪಕ್ಕದಲ್ಲಿ ತೆರೆ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ನಯವಾಗಿ, ಬಣ್ಣ ಗಾಢವಾಗಿ ಕಂಡರೆ ಅದು ಶಾಂತ ಜಾಗವಲ್ಲ, ಅದೇ ಸೆಳೆತ. ಮಕ್ಕಳನ್ನು ಆಡಿಸಲು ತಂದೆತಾಯಿ ಆ 'ಅಲೆಯಿಲ್ಲದ' ಜಾಗವನ್ನೇ ಹುಡುಕಿಕೊಂಡು ಹೋಗುತ್ತಾರಲ್ಲ, ಅದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ಸುಸ್ತಾಗಬೇಡಿ. ಅಂಗಾತ ತೇಲಿ, ಕೈ ಎತ್ತಿ ಕರೆಯಿರಿ. ಸೆಳೆತ ನಿಮ್ಮನ್ನು ತಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಸಡಿಲಿದ ಮೇಲೆ ದಡಕ್ಕೆ ತಿರುಗಿ. ಮುಳುಗುತ್ತಿರುವವರನ್ನು ಕಾಪಾಡಲು ಈಜು ಬಾರದವರು ಹಾರಬಾರದು. ಹಗ್ಗ, ಖಾಲಿ ನೀರಿನ ಕ್ಯಾನು, ಲೈಫ್ ಜಾಕೆಟ್, ತೇಲುವುದು ಏನು ಸಿಕ್ಕರೂ ಎಸೆಯಿರಿ. ಹ್ಯಾವ್ಲಾಕ್‌ನ ರಾಧಾನಗರದಂಥ ಬೀಚಿನಲ್ಲಿ ಜೀವರಕ್ಷಕರಿದ್ದಾರೆ, ಅವರ ಕಣ್ಣಳತೆಯಲ್ಲೇ ಇಳಿಯಿರಿ, ಅವರು ಸೀಟಿ ಊದಿದರೆ ವಾದ ಮಾಡದೆ ಮೇಲೆ ಬನ್ನಿ. ಚಿಕ್ಕ ಮಕ್ಕಳು ದೊಡ್ಡವರ ಕೈಗೆಟುಕುವಷ್ಟು ಹತ್ತಿರ ಇರಬೇಕು. ಕಣ್ಣಿಗೆ ಕಂಡರೆ ಸಾಲದು.

ಎರಡನೆಯದು ಮೊಸಳೆ. ಅಂಡಮಾನಿನಲ್ಲಿರುವುದು ಉಪ್ಪುನೀರಿನ ಮೊಸಳೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಿನ್ನೀರು ಅದರ ಮನೆಯಾದರೂ ಕಡಲಿನಲ್ಲೂ ಸಲೀಸಾಗಿ ಈಜುತ್ತದೆ. 2010ರಲ್ಲಿ ರಾಧಾನಗರದ ಪಕ್ಕದ ನೀಲ್ಸ್ ಕೋವ್‌ನಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ಅಮೆರಿಕದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಅಂಥ ಘಟನೆ ವಿರಳ, ಆದರೆ ಎಚ್ಚರಿಕೆಯ ಫಲಕಗಳನ್ನು ಸುಮ್ಮನೆ ನೆಟ್ಟಿಲ್ಲ. ಹಳ್ಳ ಕಡಲಿಗೆ ಸೇರುವ ಬಾಯಿಯಲ್ಲಿ, ಕಾಂಡ್ಲಾ ಮರಗಳ ಬಳಿ, ಫಲಕವಿರುವಲ್ಲಿ ಇಳಿಯಬೇಡಿ. ಮುಸ್ಸಂಜೆಯ ಮೇಲೆ ಎಲ್ಲಿಯೂ ಇಳಿಯಬೇಡಿ. ಇತ್ತೀಚೆಗೆ ಎಲ್ಲಾದರೂ ಮೊಸಳೆ ಕಂಡಿದೆಯೇ ಎಂದು ಬೆಳಿಗ್ಗೆ ಡೈವ್ ಶಾಪಿನವರನ್ನೋ ಹೋಟೆಲಿನವರನ್ನೋ ಕೇಳಿದರೆ ಬಚ್ಚಿಡದೆ ಹೇಳುತ್ತಾರೆ.

ಉಬ್ಬರ-ಇಳಿತದ ಹೊತ್ತನ್ನೂ ಕೇಳಿಕೊಳ್ಳಿ. ನೀಲ್‌ನ ಲಕ್ಷ್ಮಣಪುರದಲ್ಲಿರುವ ಕಲ್ಲಿನ ಸೇತುವೆ ನೋಡಲು ಇಳಿತವೇ ಬೇಕು. ದಾರಿಯುದ್ದಕ್ಕೂ ಪಾಚಿಗಟ್ಟಿದ ಬಂಡೆ, ಸತ್ತ ಹವಳ. ಹವಾಯಿ ಚಪ್ಪಲಿಯಲ್ಲಿ ಜಾರುತ್ತದೆ, ಬೆಲ್ಟ್ ಇರುವ ಗಟ್ಟಿ ತಳದ ಚಪ್ಪಲಿ ಬೇಕು. ಮಂಡಿನೋವಿನ ಹಿರಿಯರನ್ನು ಅಲ್ಲಿಗೆ ಒತ್ತಾಯಿಸಿ ಕರೆದೊಯ್ಯಬೇಡಿ. ಅಲ್ಲಿ ಕಾಲು ಮುರಿದರೆ ಎತ್ತಿ ತರುವುದೇ ದೊಡ್ಡ ಕೆಲಸ.

ಸ್ಕೂಬಾಗೆ ಈಜು ಬರಬೇಕಾಗಿಲ್ಲ ಎಂದು ಜಾಹೀರಾತುಗಳು ಹೇಳುತ್ತವೆ. ತರಬೇತುದಾರರು ಕೈಹಿಡಿದೇ ಕರೆದೊಯ್ಯುವ ಪರಿಚಯದ ಡೈವ್ ಮಟ್ಟಿಗೆ ಅದು ನಿಜವಿರಬಹುದು, ಆದರೆ ಆರೋಗ್ಯದ ಅರ್ಜಿಯಲ್ಲಿ ಸುಳ್ಳು ಬರೆಯಬೇಡಿ. ಅಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿಯ ಶಸ್ತ್ರಚಿಕಿತ್ಸೆ ಇದ್ದವರು ಊರಿನಲ್ಲೇ ವೈದ್ಯರ ಒಪ್ಪಿಗೆ ಪಡೆದಿರಬೇಕು, ಗರ್ಭಿಣಿಯರು ಮಾಡಲೇಬಾರದು, ಹತ್ತು ವರ್ಷದೊಳಗಿನ ಮಕ್ಕಳಿಗೂ ಬೇಡ. ನೆಗಡಿಯಿದ್ದ ದಿನ ದುಡ್ಡು ಹೋದರೂ ಸರಿ, ಬಿಟ್ಟುಬಿಡಿ. ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸರಿದೂಗದೆ ತಮಟೆ ಹರಿಯಬಹುದು. ಇಳಿಯುವಾಗ ನೋವು ಬರುವ ಮೊದಲೇ ಮೂಗು ಹಿಡಿದು ಮೆಲ್ಲನೆ ಊದಿ ಕಿವಿ ಸರಿಮಾಡಿಕೊಳ್ಳುತ್ತಿರಿ. ನೀರೊಳಗೆ ಎಂದೂ ಉಸಿರು ಕಟ್ಟಬಾರದು. ಉಸಿರು ಕಟ್ಟಿ ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಸ್ನಾರ್ಕೆಲಿಂಗ್ ಹಗುರ ಆಟದಂತೆ ಕಾಣುತ್ತದೆ, ಆದರೆ ಹೃದ್ರೋಗವಿರುವ ಹಿರಿಯರಿಗೆ ಅದೂ ಶ್ರಮವೇ. ಲೈಫ್ ಜಾಕೆಟ್ ಹಾಕಿಸಿ, ಜೊತೆಗೊಬ್ಬರು ಇರಲೇಬೇಕು.

ಚುಚ್ಚಿದರೆ, ತರಚಿದರೆ

ನೀರೊಳಗೆ ಏನನ್ನೂ ಮುಟ್ಟದಿದ್ದರೆ ಈ ಭಾಗದ ಮುಕ್ಕಾಲು ಪಾಲು ನಿಮಗೆ ಬೇಕಾಗುವುದಿಲ್ಲ. ಚೆಂದದ ಶಂಖವನ್ನು ಎತ್ತಿ ಜೇಬಿಗೆ ಹಾಕುವವರಿದ್ದಾರೆ. ಕೋನ್ ಜಾತಿಯ ಶಂಖದೊಳಗಿನ ಹುಳುವಿನ ವಿಷ ಮನುಷ್ಯನನ್ನು ಕೊಲ್ಲಬಲ್ಲದು. ಹವಳವನ್ನು, ಸಂರಕ್ಷಿತ ಶಂಖಗಳನ್ನು ಒಯ್ಯುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಕೂಡ.

ಹವಳ ತರಚಿದ ಗಾಯ ಸಣ್ಣದಾಗಿ ಕಂಡರೂ ಬೇಗ ಕೀವಾಗುತ್ತದೆ, ಅದರೊಳಗೆ ಹವಳದ ಚೂರು ಉಳಿದಿರುತ್ತದೆ. ಕುಡಿಯುವ ನೀರಿನಲ್ಲಿ ಧಾರಾಳವಾಗಿ ತೊಳೆದು, ಚೂರು ತೆಗೆದು, ಬೆಟಾಡಿನ್ ಹಚ್ಚಿ, ಗಾಯ ಆರುವವರೆಗೆ ಕಡಲಿಗಿಳಿಯಬೇಡಿ. ಶುಗರ್ ಇರುವವರು ಅದೇ ದಿನ ವೈದ್ಯರಿಗೆ ತೋರಿಸಿ.

ಜೆಲ್ಲಿಫಿಶ್ ತಾಗಿ ಉರಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಸಿಡಿಯದೆ ಉಳಿದ ವಿಷದ ಕೋಶಗಳೂ ಸಿಡಿಯುತ್ತವೆ. ಸಮುದ್ರದ ನೀರಿನಿಂದಲೇ ತೊಳೆದು, ಎಳೆಗಳನ್ನು ಚಿಮುಟದಿಂದ ತೆಗೆಯಿರಿ. ಮೂತ್ರ ಹಾಕಿದರೆ ಗುಣವಾಗುತ್ತದೆ ಎಂಬುದು ಬರೀ ನಂಬಿಕೆ. ವಿನೆಗರ್ ಎಲ್ಲ ಜಾತಿಗೂ ಹೊಂದುವುದಿಲ್ಲ, ಸ್ಥಳೀಯರನ್ನು ಕೇಳಿಯೇ ಬಳಸಿ. ಸ್ಟೋನ್‌ಫಿಶ್, ಲಯನ್‌ಫಿಶ್‌ನಂಥ ವಿಷಮುಳ್ಳಿನ ಮೀನು ಚುಚ್ಚಿದರೆ ಸಹಿಸಲಾಗದ ನೋವು. ಆ ವಿಷ ಬಿಸಿಗೆ ಕೆಡುತ್ತದೆ. ಕಾಲನ್ನು ಸುಡದಷ್ಟು ಬಿಸಿಯಾದ, ಅಂದರೆ 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಿ. ನೋವಿನಲ್ಲಿರುವವರಿಗೆ ಬಿಸಿಯ ಅಂದಾಜು ಸಿಗುವುದಿಲ್ಲ, ಬೇರೆಯವರು ಕೈ ಅದ್ದಿ ನೋಡಬೇಕು. ಅದ್ದಿಟ್ಟು ಸುಮ್ಮನಿರದೆ ಆಸ್ಪತ್ರೆಗೂ ಹೊರಡಿ. ಉಸಿರಾಟಕ್ಕೆ ಕಷ್ಟವಾದರೆ, ಮುಖ ಊದಿಕೊಂಡರೆ ಕಾಯುವ ಮಾತೇ ಇಲ್ಲ.

ಸೊಳ್ಳೆ, ಮರಳುನೊಣ, ಇಲಿಜ್ವರ

ಬೀಚಿನ ಮರಳುನೊಣ ಕಣ್ಣಿಗೆ ಬೀಳದಷ್ಟು ಸಣ್ಣದು. ಕಚ್ಚಿದ್ದು ಅಂದು ಗೊತ್ತಾಗದೆ ಮರುದಿನ ಕಾಲುತುಂಬ ಕೆಂಪು ಗುಳ್ಳೆ, ತುರಿಕೆ. ಬೆಳಗಿನ ಜಾವ ಮತ್ತು ಸಂಜೆ, ಮಳೆ ಬಂದು ನಿಂತ ಮೇಲೆ ಹೆಚ್ಚು. ಬರಿಮರಳಿನ ಮೇಲೆ ಕೂರದೆ ಕುರ್ಚಿಯಲ್ಲೋ ದಪ್ಪ ಚಾಪೆಯ ಮೇಲೋ ಕೂರಿ. ಕಾಲಿಗೆ ಕೊಬ್ಬರಿ ಎಣ್ಣೆ ದಪ್ಪಗೆ ಸವರಿಕೊಳ್ಳುವುದು ಅಲ್ಲಿನವರ ಉಪಾಯ. ಕೆರೆದು ಗಾಯ ಮಾಡಿಕೊಂಡರೆ ಆ ಗಾಯವೇ ದೊಡ್ಡ ತೊಂದರೆ, ಹಾಗಾಗಿ ಅಲರ್ಜಿಯ ಮಾತ್ರೆ ತೆಗೆದುಕೊಂಡು ಉಗುರು ಕತ್ತರಿಸಿಕೊಳ್ಳಿ.

ಮಲೇರಿಯಾ, ಡೆಂಗಿ ಎರಡೂ ದ್ವೀಪಗಳಲ್ಲಿವೆ. ಡೆಂಗಿ ಸೊಳ್ಳೆ ಹಗಲು ಕಚ್ಚುತ್ತದೆ, ಮಲೇರಿಯಾದ್ದು ರಾತ್ರಿ. ಆದ್ದರಿಂದ ಕ್ರೀಮು ಎರಡೂ ಹೊತ್ತು ಬೇಕು, ರಾತ್ರಿ ಪರದೆ ಬೇಕು.

ಇಲಿಜ್ವರದ ಬಗ್ಗೆ ಪ್ಯಾಕೇಜ್‌ನವರು ಹೇಳುವುದಿಲ್ಲ. 1980ರ ದಶಕದ ಕೊನೆಯಿಂದ ಮಳೆಗಾಲ ಮುಗಿಯುವ ಹೊತ್ತಿಗೆ ಜನ ಜ್ವರ ಬಂದು ರಕ್ತ ಕಾರಿ ಸಾಯುತ್ತಿದ್ದಾಗ, ಕಾರಣ ತಿಳಿಯದೆ ಅದಕ್ಕೆ ಅಂಡಮಾನ್ ರಕ್ತಸ್ರಾವ ಜ್ವರ ಎಂದೇ ಹೆಸರು ಬಂದಿತ್ತು. ಅದು ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ ಎಂದು ತಿಳಿದದ್ದು ಆಮೇಲೆ. ಇಲಿ, ದನಗಳ ಮೂತ್ರ ಸೇರಿದ ನೀರು, ಕೆಸರಿನಿಂದ ಇದು ಗಾಯದ ಮೂಲಕ ಮೈಸೇರುತ್ತದೆ. ಕಾಲಿನಲ್ಲಿ ತರಚುಗಾಯ ಇಟ್ಟುಕೊಂಡು ಗದ್ದೆಯ ಕೆಸರಿನಲ್ಲಿ, ನಿಂತ ಮಳೆನೀರಿನಲ್ಲಿ ಬರಿಗಾಲಲ್ಲಿ ನಡೆಯಬೇಡಿ. ದಸರಾ ಹೊತ್ತಿಗೆ ಹೋಗುವವರಿಗೆ ಇದು ಇನ್ನೂ ಮುಖ್ಯ.

ಊಟ, ಸ್ಕೂಟರ್

ಕುದಿಸಿದ ಅಥವಾ ಫಿಲ್ಟರ್ ಮಾಡಿದ ನೀರು, ಬಿಸಿ ಊಟ, ಕಣ್ಣೆದುರು ಬೇಯಿಸಿದ ಮೀನು ತಿಂದರೆ ಹೆಚ್ಚಿನ ಹೊಟ್ಟೆನೋವು ತಪ್ಪುತ್ತದೆ. ಭೇದಿಯಾದರೆ ಓಆರ್‌ಎಸ್, ಪೊಟ್ಟಣ ಮುಗಿದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಹ್ಯಾವ್ಲಾಕ್‌ನ ರಸ್ತೆ ಖಾಲಿಯಿರುತ್ತದೆ ಎಂದು ಹೆಲ್ಮೆಟ್ ಬಿಟ್ಟು, ಒದ್ದೆ ಚಪ್ಪಲಿಯಲ್ಲಿ, ಮೂವರು ಕೂತು ಹೋಗುವ ಯುವಕರನ್ನು ನೋಡಿ ಬೇಸರವಾಗುತ್ತದೆ. ತಲೆಗೆ ಪೆಟ್ಟಾದರೆ ಅದನ್ನು ನೋಡಬಲ್ಲ ವೈದ್ಯರು ಕಡಲಿನಾಚೆ. ತಿರುವುಗಳಲ್ಲಿ ಮರಳು, ಕತ್ತಲಲ್ಲಿ ದನ, ನಾಯಿ. ಬ್ರೇಕು, ದೀಪ ನೋಡಿಯೇ ಬಾಡಿಗೆಗೆ ತೆಗೆದುಕೊಳ್ಳಿ, ಕತ್ತಲಾಗುವ ಮೊದಲೇ ಮರಳಿ.

ನೆಲ ನಡುಗಿದರೆ

2004ರ ಡಿಸೆಂಬರ್ 26ರ ಸುನಾಮಿ ಈ ದ್ವೀಪಗಳಲ್ಲಿ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ಈಗ ಹೈದರಾಬಾದ್‌ನ ಇನ್‌ಕಾಯಿಸ್ ಸಂಸ್ಥೆಯಲ್ಲಿ ಎಚ್ಚರಿಕೆಯ ಕೇಂದ್ರವಿದೆ. ಆದರೂ ನಿಂತಿರಲಾಗದಷ್ಟು ಜೋರಾಗಿ ನೆಲ ನಡುಗಿದರೆ, ಅಥವಾ ಸಣ್ಣಗಾದರೂ ಬಹಳ ಹೊತ್ತು ನಡುಗಿದರೆ, ಇಲ್ಲವೇ ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಸಂದೇಶ ಬರಲೆಂದು ಕಾಯಬೇಡಿ. ಸಾಮಾನು ಬಿಟ್ಟು ಎತ್ತರದ ಜಾಗಕ್ಕೆ ಓಡಿ. ಮೊದಲ ಅಲೆಗಿಂತ ಆಮೇಲಿನ ಅಲೆ ದೊಡ್ಡದಿರಬಹುದು, ಅಧಿಕಾರಿಗಳು ಹೇಳುವವರೆಗೆ ಕೆಳಗಿಳಿಯಬೇಡಿ. ಹೋಟೆಲಿಗೆ ಹೋದ ದಿನವೇ ಎತ್ತರಕ್ಕೆ ಹೋಗುವ ದಾರಿ ಯಾವುದು ಎಂದು ಕೇಳಿಟ್ಟುಕೊಳ್ಳಿ. ತುರ್ತಿಗೆ 112, ಕಡಲಿನಲ್ಲಿ ಅಪಾಯವಾದರೆ ಕರಾವಳಿ ಕಾವಲು ಪಡೆಯ 1554. ಫೋನ್ ಸಿಗ್ನಲ್ ಎಲ್ಲೆಡೆ ಇರುವುದಿಲ್ಲ. ಹೋಟೆಲ್, ಆರೋಗ್ಯ ಕೇಂದ್ರದ ಸಂಖ್ಯೆಗಳನ್ನು ಕಾಗದದಲ್ಲೂ ಬರೆದುಕೊಳ್ಳಿ.

ಬಾರಾಟಾಂಗ್‌ಗೆ ಹೋಗುವವರು

ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆ ನೋಡಲು ಹೋಗುವ ರಸ್ತೆ ಜರಾವಾ ಎಂಬ ಮೂಲನಿವಾಸಿ ಬುಡಕಟ್ಟಿನ ಜನರ ಕಾಡಿನ ನಡುವೆ ಹಾದುಹೋಗುತ್ತದೆ. ಅಲ್ಲಿ ಕಾಪಾಡಬೇಕಾದ್ದು ಅವರ ಆರೋಗ್ಯವನ್ನು. ನಮಗೆ ಮೂರು ದಿನದಲ್ಲಿ ಹೋಗುವ ಸೋಂಕು ಅವರ ಇಡೀ ಸಮುದಾಯವನ್ನು ಮಲಗಿಸಬಲ್ಲದು. 1999ರಲ್ಲಿ ದಡಾರ ಅವರಲ್ಲಿ ಹರಡಿತ್ತು. ಗಾಡಿ ನಿಲ್ಲಿಸುವುದು, ಬಿಸ್ಕತ್ತು ಎಸೆಯುವುದು, ಫೋಟೋ ತೆಗೆಯುವುದು ಕಾನೂನಿನ ಪ್ರಕಾರ ಅಪರಾಧ. ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಇದ್ದರೆ ಆ ದಿನದ ಪ್ರಯಾಣವನ್ನೇ ಕೈಬಿಡಿ.

ಮನೆಗೆ ಬಂದ ಮೇಲೆ

ಇಲಿಜ್ವರ ಮೈಸೇರಿದ ಮೇಲೆ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನದಲ್ಲಿ, ಕೆಲವೊಮ್ಮೆ ತಿಂಗಳ ತನಕವೂ ತಡವಾಗಿ ಕಾಣಿಸಿಕೊಳ್ಳುತ್ತದೆ. ಮಲೇರಿಯಾ ಕೆಲವು ವಾರಗಳ, ಕೆಲವು ತಿಂಗಳುಗಳ ನಂತರವೂ ಬರಬಹುದು. ಊರಿಗೆ ಬಂದ ಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು, ಮೂತ್ರ ಕಡು ಹಳದಿಯಾಗುವುದು ಕಂಡರೆ ವೈರಲ್ ಜ್ವರವೆಂದು ಮನೆಯಲ್ಲೇ ಇರಬೇಡಿ. ವೈದ್ಯರು ಕೇಳದಿದ್ದರೂ ಅಂಡಮಾನ್‌ಗೆ ಹೋಗಿದ್ದೆ ಎಂದು ನೀವೇ ಮೊದಲು ಹೇಳಿ. ಹೋಗಿ ಬಂದ ತಾರೀಖು, ಕೆಸರುನೀರಿನಲ್ಲಿ ನಡೆದಿದ್ದರೆ ಅದು, ಡೈವ್ ಮಾಡಿದ್ದರೆ ಅದನ್ನೂ ತಿಳಿಸಿ. ಮಲೇರಿಯಾ, ಡೆಂಗಿ, ಇಲಿಜ್ವರ ಮೂರರಲ್ಲಿ ಯಾವುದರ ಪರೀಕ್ಷೆ ಯಾವಾಗ ಬೇಕೆಂದು ಅವರು ತೀರ್ಮಾನಿಸಲು ಈ ವಿವರಗಳು ಬೇಕಾಗುತ್ತವೆ.